ಹಚ್ಚೆ ಕೇಳುವ ಮಕ್ಕಳಿಂದ ಆರು ತಿಂಗಳು ಕೇಳಿ ಪಡೆಯಿರಿ

ಸಾವರ್ಡೆ, ಕುಡಚಡೆ ಕಡೆ ನೆಲೆಸಿರುವ ಕನ್ನಡದ ಮನೆಗಳಿಗೆ ಹಚ್ಚೆ ಹೊಸದೇನಲ್ಲ. ಗದಗ, ಬಾಗಲಕೋಟೆ, ವಿಜಯಪುರದ ಕಡೆಯಿಂದ ದುಡಿಮೆ ಅರಸಿ ಗೋವಾಕ್ಕೆ ಬಂದ ಕುಟುಂಬಗಳ ಹಿರಿಯ ಹೆಂಗಸರ ಮುಂಗೈ ಮೇಲೆ, ಗದ್ದದ ಮೇಲೆ ಹಸಿರು ಚುಕ್ಕಿಗಳು ಇಂದಿಗೂ ಕಾಣುತ್ತವೆ. ಊರ ಜಾತ್ರೆಯಲ್ಲೋ ಮನೆಬಾಗಿಲಲ್ಲೋ ಕೊರವಂಜಿಯರು ಚುಚ್ಚಿದವು ಅವು. ಹಾಗಾಗಿ ಕಾಲೇಜಿಗೆ ಹೋಗುವ ಮಗನೋ ಮಗಳೋ ಟ್ಯಾಟೂ ಬೇಕೆಂದು ಹಟ ಹಿಡಿದಾಗ, “ಅಜ್ಜಿ ಕೈಮ್ಯಾಲೆ ಇಲ್ಲೇನು? ಆಕಿಗೇನಾತು?” ಎಂಬ ಮಾತು ಬಂದೇ ಬರುತ್ತದೆ.

ಈ ಪ್ರಶ್ನೆಗೆ ಸಿಟ್ಟಿನ ಬದಲು ಉತ್ತರ ಕೊಡಬೇಕು. ಅಂದು ಒಂದೇ ಸೂಜಿ ಸಾಲಾಗಿ ಕೂತ ಎಷ್ಟೋ ಹೆಂಗಸರ ಚರ್ಮ ಮುಟ್ಟುತ್ತಿತ್ತು. ಯಕೃತ್ತನ್ನು ಹಾಳುಮಾಡುವ ಹೆಪಟೈಟಿಸ್ ಬಿ ವೈರಾಣು ದೇಹದ ಹೊರಗೆ, ಒಣಗಿದ ರಕ್ತದ ಕಲೆಯಲ್ಲೂ ಏಳು ದಿನಗಳವರೆಗೆ ಬದುಕಬಲ್ಲದು. ಈ ಸೋಂಕು ತಗುಲಿದವರಲ್ಲಿ ಅನೇಕರಿಗೆ ವರ್ಷಗಟ್ಟಲೆ ಯಾವ ಲಕ್ಷಣವೂ ಇರುವುದಿಲ್ಲ. ಅಜ್ಜಿಗೆ ಏನೂ ಆಗಲಿಲ್ಲ ನಿಜ. ಆದರೆ ಆಕೆಯ ಪಕ್ಕದಲ್ಲಿ ಕೂತಿದ್ದವರ ಕಥೆ ನಮಗೆ ಗೊತ್ತಿಲ್ಲ.

ನನ್ನ ಸಲಹೆ ಇಷ್ಟೆ: ಹದಿನೆಂಟು ತುಂಬುವವರೆಗೆ ಬೇಡವೇ ಬೇಡ. ತುಂಬಿದ ಮೇಲೆ ‘ಬೇಡ’ ಎಂದು ಬಾಗಿಲು ಮುಚ್ಚುವ ಬದಲು ಆರು ತಿಂಗಳ ಕಾಲಾವಕಾಶ ಕೇಳಿ. ಇದು ಮಾತು ಮರೆಸುವ ಉಪಾಯವಲ್ಲ, ವೈದ್ಯಕೀಯ ಲೆಕ್ಕ. ಹೆಪಟೈಟಿಸ್ ಬಿ ಲಸಿಕೆಯನ್ನು ಮೂರು ಬಾರಿ ಹಾಕಿಸಬೇಕು: ಮೊದಲನೆಯದಾದ ಒಂದು ತಿಂಗಳಿಗೆ ಎರಡನೆಯದು, ಆರು ತಿಂಗಳಿಗೆ ಮೂರನೆಯದು. ಸರಕಾರದ ಲಸಿಕಾ ಕಾರ್ಯಕ್ರಮದಲ್ಲಿ ಇದು ದೇಶದ ಎಲ್ಲ ಕಡೆ ಸೇರಿದ್ದು 2011ರಲ್ಲಿ. ಅದಕ್ಕೂ ಮೊದಲು ಹುಟ್ಟಿದ, ಅದರಲ್ಲೂ ಕೆಲಸದ ಬೆನ್ನು ಹತ್ತಿ ಊರಿಂದೂರಿಗೆ ಅಲೆದ ಮನೆಗಳ ಮಕ್ಕಳಲ್ಲಿ ಅನೇಕರಿಗೆ ಇದು ಸಿಕ್ಕಿರಲಿಕ್ಕಿಲ್ಲ. ಹಳೆಯ ತಾಯಿ ಕಾರ್ಡು ಹುಡುಕಿ ನೋಡಿ. ಸಿಗದಿದ್ದರೆ ವೈದ್ಯರನ್ನು ಕೇಳಿ ಹಾಕಿಸಿ. ಹಚ್ಚೆ ಹಾಕಿಸಿಕೊಳ್ಳದಿದ್ದರೂ ಈ ಲಸಿಕೆ ವ್ಯರ್ಥವಲ್ಲ. ಹೆಪಟೈಟಿಸ್ ಸಿ ಮತ್ತು ಎಚ್‌ಐವಿಗೆ ಲಸಿಕೆ ಇಲ್ಲ. ಅಲ್ಲಿ ಹೊಸ ಸೂಜಿಯೊಂದೇ ಕಾವಲು.

ಈ ಆರು ತಿಂಗಳಲ್ಲಿ ಕೂತು ಮಾತಾಡಬೇಕಾದ ಇನ್ನೊಂದು ವಿಷಯ ನೌಕರಿ. ಉತ್ತರ ಕರ್ನಾಟಕದ ಮನೆಗಳಲ್ಲಿ ಸೈನ್ಯ ಸೇರುವ ಕನಸು ಕಾಣುವ ಹುಡುಗರು ಬಹಳ. ಭಾರತೀಯ ಸೇನೆಯ ಭರ್ತಿಯಲ್ಲಿ ಹಚ್ಚೆಯ ವಿಷಯಕ್ಕೆ ಬುಡಕಟ್ಟು ಸಮುದಾಯದವರಿಗೆ ವಿನಾಯಿತಿ ಇದೆ. ಉಳಿದವರಿಗೆ ಮೊಣಕೈಯಿಂದ ಮಣಿಕಟ್ಟಿನವರೆಗಿನ ಒಳಭಾಗ ಮತ್ತು ಅಂಗೈಯ ಹಿಂಬದಿ ಬಿಟ್ಟು ಬೇರೆಡೆ ಶಾಶ್ವತ ಹಚ್ಚೆಗೆ ಒಪ್ಪಿಗೆಯಿಲ್ಲ. ಕೇಂದ್ರ ಸಶಸ್ತ್ರ ಪಡೆಗಳ ನಿಯಮದಲ್ಲಿ ಹಚ್ಚೆಯ ಗಾತ್ರಕ್ಕೂ ಚಿತ್ರದ ವಿಷಯಕ್ಕೂ ಮಿತಿಯಿದೆ. ಕುತ್ತಿಗೆಯ ಮೇಲೆ ಬರೆಸಿಕೊಂಡ ಹೆಸರೊಂದು ವರ್ಷಗಳ ಓಟ, ಕಸರತ್ತನ್ನೆಲ್ಲ ವೈದ್ಯಕೀಯ ತಪಾಸಣೆಯ ದಿನ ನೀರುಪಾಲು ಮಾಡಬಹುದು. ಆ ವರ್ಷದ ಅಧಿಸೂಚನೆಯನ್ನು ಮಕ್ಕಳಿಂದಲೇ ಓದಿಸಿ. ‘ಆಮೇಲೆ ತೆಗೆಸಿದರಾಯಿತು’ ಎಂಬ ಭರವಸೆಯನ್ನು ನಂಬಬೇಡಿ. ಲೇಸರ್‌ನಿಂದ ತೆಗೆಯಲು ವಾರಗಳ ಅಂತರದಲ್ಲಿ ಹಲವು ಬಾರಿ ಹೋಗಬೇಕು, ಹಾಕಿಸಿದ್ದಕ್ಕಿಂತ ಹೆಚ್ಚು ದುಡ್ಡು ಸುರಿಯಬೇಕು. ಕಪ್ಪು ಬಣ್ಣ ಬಗ್ಗುತ್ತದೆ, ಹಸಿರು ಹಳದಿ ಸುಲಭವಾಗಿ ಬಗ್ಗುವುದಿಲ್ಲ. ನಮ್ಮ ಮೈಬಣ್ಣದವರಲ್ಲಿ ಆ ಜಾಗ ಬಿಳುಚಾಗಿಯೋ ಕಪ್ಪಾಗಿಯೋ ಉಳಿಯುವುದೂ ಉಂಟು.

ಹಚ್ಚೆಯ ಬಣ್ಣ ಚರ್ಮದ ಮೇಲ್ಪದರದಲ್ಲಿ ನಿಲ್ಲುವುದಿಲ್ಲ. ಸೂಜಿ ಅದನ್ನು ಒಂದೆರಡು ಮಿಲಿಮೀಟರ್ ಕೆಳಗಿನ ಒಳಪದರಕ್ಕೆ ಇಳಿಸುತ್ತದೆ. ದೇಹದ ಕಾವಲು ಕಣಗಳು ಬಣ್ಣವನ್ನು ನುಂಗಿ ಅಲ್ಲೇ ಕೂರುತ್ತವೆ. ಹಾಗಾಗಿ ಅದು ಶಾಶ್ವತ. ಆ ಬಣ್ಣದಲ್ಲಿ ಏನಿದೆ ಎಂಬುದು ಚಿಕ್ಕ ಪ್ರಶ್ನೆಯಲ್ಲ. ಕರ್ನಾಟಕದ ಆರೋಗ್ಯ ಇಲಾಖೆ ಮಾದರಿಗಳನ್ನು ಪರೀಕ್ಷೆಗೆ ಒಳಪಡಿಸಿದಾಗ ಆರ್ಸೆನಿಕ್, ಕ್ರೋಮಿಯಂ ಸೇರಿದಂತೆ 22 ಲೋಹಗಳು ಸಿಕ್ಕಿದವೆಂದು 2025ರ ಆರಂಭದಲ್ಲಿ ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಹೇಳಿದರು, ಮಾನದಂಡ ರೂಪಿಸುವಂತೆ ಕೇಂದ್ರವನ್ನೂ ಕೋರಿದರು. ಯುರೋಪಿನ ಒಕ್ಕೂಟ 2022ರ ಜನವರಿಯಿಂದಲೇ ಇಂಥ ಸಾವಿರಾರು ರಾಸಾಯನಿಕಗಳಿಗೆ ಮಿತಿ ಹೇರಿದೆ. ಅಲರ್ಜಿ ಹೆಚ್ಚಾಗಿ ಕಾಣುವುದು ಕೆಂಪು ಬಣ್ಣಕ್ಕೆ. ಸಾಧ್ಯವಾದರೆ ಚಿಕ್ಕದು, ಕಪ್ಪು ಬಣ್ಣದ್ದು ಸಾಕೆನ್ನಿ.

ಅಂಗಡಿಗೆ ಒಮ್ಮೆ ನೀವೂ ಜೊತೆಗೆ ಹೋಗಿ. ಕಲಂಗುಟ್, ಬಾಗಾ, ಪಾಲೋಲೆಂ ಕಡೆ ಒಳ್ಳೆಯ ಅಂಗಡಿಗಳೂ ಇವೆ, ಪ್ರವಾಸಿಗರ ಗದ್ದಲದಲ್ಲಿ ಹುಟ್ಟಿಕೊಂಡವೂ ಇವೆ. ಮುಚ್ಚಿದ ಪೊಟ್ಟಣವನ್ನು ನಿಮ್ಮ ಕಣ್ಣೆದುರೇ ಒಡೆದು ಸೂಜಿ ತೆಗೆಯಬೇಕು, ಬಣ್ಣವನ್ನು ಸಣ್ಣ ಹೊಸ ಬಟ್ಟಲಿಗೆ ಸುರಿದು ಉಳಿದದ್ದನ್ನು ಚೆಲ್ಲಬೇಕು, ಹೊಸ ಕೈಗವಸು ಹಾಕಬೇಕು. ಬಣ್ಣವನ್ನು ನಲ್ಲಿ ನೀರಿನಲ್ಲಿ ತೆಳು ಮಾಡುವುದು ಕಂಡರೆ ಎದ್ದು ಬನ್ನಿ; ಕ್ಷಯದ ರೋಗಾಣುವಿನ ದಾಯಾದಿಗಳು ಕೆಲವು ನೀರಿನಲ್ಲಿರುತ್ತವೆ, ಚರ್ಮದಲ್ಲಿ ತಿಂಗಳುಗಟ್ಟಲೆ ವಾಸಿಯಾಗದ ಗಂಟು ಎಬ್ಬಿಸುತ್ತವೆ. ಪ್ರಶ್ನೆ ಕೇಳಿದ್ದಕ್ಕೆ ಮುಖ ಸಿಂಡರಿಸುವ ಕಡೆ ಕೂರುವುದೇ ಬೇಡ.

ಚಿಕ್ಕ ಮಕ್ಕಳಿರುವವರಿಗೆ ಒಂದು ಮಾತು. ‘ನಾಲ್ಕು ದಿನಕ್ಕೆ ಹೋಗುತ್ತದೆ’ ಎಂದು ಸಮುದ್ರದಂಡೆಯಲ್ಲಿ ಹಾಕುವ ಕಪ್ಪು ಮೆಹಂದಿ ನಿರುಪದ್ರವಿ ಅಲ್ಲ. ಗಿಡದ ಮೆಹಂದಿ ಕೆಂಪು ಕಂದು ಬಣ್ಣ ಕೊಡುತ್ತದೆ. ಅರ್ಧ ಗಂಟೆಯಲ್ಲಿ ಕಡುಕಪ್ಪಾದರೆ ಅದರಲ್ಲಿ ಕೂದಲ ಬಣ್ಣದ ಪಿಪಿಡಿ ಎಂಬ ರಾಸಾಯನಿಕ ಬೆರೆಸಿದ್ದಾರೆಂದೇ ತಿಳಿಯಿರಿ. ಅದರಿಂದ ಬೊಬ್ಬೆ ಏಳಬಹುದು, ಆ ಅಲರ್ಜಿ ಜೀವನವಿಡೀ ಉಳಿಯಬಹುದು.

ಸಕ್ಕರೆ ಕಾಯಿಲೆ, ಇಸುಬು, ಸೋರಿಯಾಸಿಸ್, ರಕ್ತ ತೆಳುವಾಗಿಸುವ ಮಾತ್ರೆ, ಹಳೆಯ ಗಾಯ ಉಬ್ಬಿ ಗಂಟಾಗುವ ಮೈ, ಇವುಗಳಲ್ಲಿ ಯಾವುದಿದ್ದರೂ ಮೊದಲು ಚರ್ಮವೈದ್ಯರನ್ನು ಕಾಣಿ. ಗರ್ಭಿಣಿಯರು ಹೆರಿಗೆಯಾಗಿ ಎದೆಹಾಲು ಬಿಡಿಸುವವರೆಗೂ ಕಾಯುವುದು ಲೇಸು. ಆ ದಿನ ಹೊಟ್ಟೆ ತುಂಬ ಉಂಡು ಹೋಗಲಿ, ಹಿಂದಿನ ರಾತ್ರಿಯಿಂದ ಮದ್ಯ ಮುಟ್ಟದಿರಲಿ. ದಿನ ಗೊತ್ತು ಮಾಡುವಾಗ ಮಳೆಗಾಲ ಬಿಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಬಟ್ಟೆ ಒಣಗುವುದಿಲ್ಲ, ಒದ್ದೆ ಬಟ್ಟೆಯಡಿ ಗಾಯವೂ ಒಣಗುವುದಿಲ್ಲ. ಡಿಸೆಂಬರ್, ಜನವರಿ ಒಳ್ಳೆಯದು.

ಹಾಕಿಸಿಕೊಂಡು ಬಂದ ಮೇಲೆ ಅದನ್ನು ಗಾಯವೆಂದೇ ನೋಡಿ. ಅಂಗಡಿಯವರು ಹೇಳಿದಷ್ಟು ಹೊತ್ತಿನ ನಂತರ ಸುತ್ತಿದ ಹಾಳೆ ತೆಗೆದು, ಕೈ ತೊಳೆದುಕೊಂಡು, ಕುದಿಸಿ ಆರಿಸಿದ ನೀರು ಮತ್ತು ವಾಸನೆಯಿಲ್ಲದ ಸೌಮ್ಯ ಸೋಪಿನಿಂದ ತೊಳೆಯಬೇಕು. ಉಜ್ಜದೆ, ಸ್ವಚ್ಛ ಬಟ್ಟೆಯಿಂದ ಒತ್ತಿ ಒರೆಸಿ, ವ್ಯಾಸಲೀನ್‌ನಂಥದ್ದನ್ನು ತೀರ ತೆಳುವಾಗಿ ಸವರಿದರೆ ಸಾಕು. ದಿನಕ್ಕೆ ಎರಡು ಮೂರು ಸಲ. ಅರಿಶಿನ, ಸುಣ್ಣ, ಬೂದಿ, ಟೂತ್‌ಪೇಸ್ಟ್, ಮನೆಯಲ್ಲುಳಿದ ಯಾವುದೋ ಟ್ಯೂಬು ಹಚ್ಚಬೇಡಿ. ಅರಿಶಿನದ ವಿಷಯದಲ್ಲಿ ಅಜ್ಜಿಯರಿಗೆ ಬೇಸರವಾದೀತು, ಆದರೂ ತೆರೆದ ಗಾಯಕ್ಕೆ ಅಡುಗೆಮನೆಯ ಪುಡಿ ಬೇಡ. ಕೆಲವು ದಿನಕ್ಕೆ ಹೊಪ್ಪಳಿಕೆ ಏಳುತ್ತದೆ, ತುರಿಸುತ್ತದೆ. ಕೀಳದೆ, ಕೆರೆಯದೆ ಬಿಟ್ಟರೆ ಎರಡು ಮೂರು ವಾರದಲ್ಲಿ ಮೇಲ್ಭಾಗ ಮಾಯುತ್ತದೆ. ಒಳಗೆ ಪೂರ್ತಿ ಮಾಯಲು ತಿಂಗಳುಗಳೇ ಬೇಕು.

ಮೇಲ್ಭಾಗ ಪೂರ್ತಿ ಮಾಯುವವರೆಗೆ ನದಿ, ಸಮುದ್ರ, ದೂಧಸಾಗರದ ಕೊಳ ಯಾವುದೂ ಬೇಡ. ಹಚ್ಚೆ ಹಾಕಿಸಿಕೊಂಡ ಐದೇ ದಿನಕ್ಕೆ ಮೆಕ್ಸಿಕೋ ಕೊಲ್ಲಿಯಲ್ಲಿ ಈಜಿದ 31 ವರ್ಷದ ಒಬ್ಬಾತ ಉಪ್ಪುನೀರಿನ ವಿಬ್ರಿಯೋ ರೋಗಾಣುವಿನಿಂದ ಸತ್ತದ್ದು 2017ರಲ್ಲಿ ವೈದ್ಯ ಪತ್ರಿಕೆಯಲ್ಲಿ ವರದಿಯಾಗಿದೆ. ಅವನಿಗೆ ಯಕೃತ್ತಿನ ಕಾಯಿಲೆ ಮೊದಲೇ ಇತ್ತು. ನಮ್ಮ ಕಡೆ ಅದಿರಿನ ಲಾರಿ ಓಡುವ ದಾರಿಗಳಲ್ಲಿ ಕೆಂಧೂಳು ಬೇರೆ. ಬೈಕಿನಲ್ಲಿ ಹೋಗುವಾಗ ಸಡಿಲವಾದ ಹತ್ತಿ ಬಟ್ಟೆ ಮುಚ್ಚಿರಲಿ, ಮನೆಗೆ ಬಂದ ಕೂಡಲೇ ತೊಳೆಯಲಿ. ಗಾಯ ಮಾಯ್ದಿದ್ದರೂ, ಹಚ್ಚೆ ಹಾಕಿಸಿಕೊಂಡ ದಿನದಿಂದ ಒಂದು ವರ್ಷ ರಕ್ತದಾನ ಮಾಡುವಂತಿಲ್ಲ ಎಂಬುದು ನೆನಪಿರಲಿ.

ಮೊದಲ ಎರಡು ಮೂರು ದಿನ ಕೆಂಪು, ಊತ ಸಹಜ. ಆಮೇಲೆ ನೋವು ಇಳಿಯುವ ಬದಲು ಏರಿದರೆ, ಕೆಂಪು ಹರಡಿದರೆ, ಕೀವು ಬಂದರೆ, ಗಾಯದಿಂದ ಕೆಂಪು ಗೆರೆ ಮೇಲೆ ಹೊರಟರೆ, ಜ್ವರ ಬಂದರೆ ಅಂದೇ ವೈದ್ಯರ ಬಳಿಗೆ ಹೋಗಬೇಕು. ಹತ್ತಿರದಲ್ಲಿ ಕುಡಚಡೆಯ ಸರಕಾರಿ ಆರೋಗ್ಯ ಕೇಂದ್ರವಿದೆ, ಮಡಗಾಂವ್‌ನಲ್ಲಿ ಜಿಲ್ಲಾಸ್ಪತ್ರೆಯಿದೆ, ಬಾಂಬೋಳಿಯ ಗೋವಾ ವೈದ್ಯಕೀಯ ಕಾಲೇಜಿನಲ್ಲಿ ಚರ್ಮರೋಗ ವಿಭಾಗವಿದೆ. ವಾರಗಳು ಕಳೆದ ಮೇಲೆ ಗಂಟು ಎದ್ದರೂ ತೋರಿಸಿ, ಹಚ್ಚೆ ಹಾಕಿಸಿದ ವಿಷಯ ಮುಚ್ಚಿಡಬೇಡಿ.

ಮಕ್ಕಳು ನಿಮ್ಮನ್ನು ಕೇಳದೆಯೇ ಹಾಕಿಸಿಕೊಂಡು ಬಂದಿದ್ದರೆ ಅಪಾಯ ಹೆಚ್ಚುವುದು ನಮ್ಮ ಸಿಟ್ಟಿನಿಂದ. ಬೈಗುಳಕ್ಕೆ ಹೆದರಿ ಉದ್ದ ತೋಳಿನ ಅಂಗಿಯೊಳಗೆ ಬೆವರಲ್ಲಿ ಗಾಯ ಮುಚ್ಚಿಟ್ಟುಕೊಂಡು ಕೂರುತ್ತಾರೆ, ತೊಳೆಯುವುದೂ ಇಲ್ಲ. ದಯವಿಟ್ಟು ಬೈಯುವುದನ್ನು ಮುಂದಕ್ಕೆ ಹಾಕಿ, ಮೊದಲು ತೋಳು ಮಡಚಿಸಿ ಗಾಯ ನೋಡಿ.