ಸೆನ್ಸರ್ ಬಿಚ್ಚುವ ಮೊದಲು

ಹಿಟಾಚಿ (ಎಕ್ಸ್‌ಕವೇಟರ್) ರಿಪೇರಿ ಮಾಡುವವರಿಗೆ ಬರುವ ಫೋನುಗಳಲ್ಲಿ ಈ ಮಾತು ಖಾಯಂ: "ಸರ್, ಡಿಸ್‌ಪ್ಲೇಯಲ್ಲಿ ಕೋಡ್ ತೋರಿಸ್ತಿದೆ, ಪ್ರೆಶರ್ ಸೆನ್ಸರ್ ಹೋಗಿದೆಯಂತೆ. ಬರುವಾಗ ಒಂದು ತಗೊಂಡೇ ಬನ್ನಿ." ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವ ಕೆಲಸ ಶುರುವಾಗುವುದೇ ಇಲ್ಲಿಂದ. ಸಂಡೂರಿನ ಗಣಿಯಿರಲಿ, ಚಿಕ್ಕಬಳ್ಳಾಪುರದ ಕಲ್ಲುಕ್ವಾರಿಯಿರಲಿ, ಮಲೆನಾಡಿನ ರಸ್ತೆ ಅಗಲೀಕರಣವಿರಲಿ, ಬದಲಾಯಿಸಿ ಎಸೆದ ಸೆನ್ಸರುಗಳಲ್ಲಿ ಎಷ್ಟೋ ಚೆನ್ನಾಗಿಯೇ ಇರುತ್ತವೆ. ಫೀಲ್ಡಿನಲ್ಲಿ ಕಲಿತದ್ದನ್ನು ಹೊಸದಾಗಿ ಈ ಕೆಲಸಕ್ಕೆ ಬರುವ ಹುಡುಗರಿಗಾಗಿ ಇಲ್ಲಿ ಬರೆದಿದ್ದೇನೆ.

1. ಸೆನ್ಸರ್ ಒತ್ತಡ ಹುಟ್ಟಿಸುವುದಿಲ್ಲ, ಸುದ್ದಿ ಮುಟ್ಟಿಸುತ್ತದೆ

ಪಂಪು ಆಯಿಲ್ ತಳ್ಳುತ್ತದೆ, ಎದುರಾದ ಲೋಡಿನಿಂದ ಒತ್ತಡ ಏರುತ್ತದೆ, ಮಿತಿ ಮೀರದಂತೆ ರಿಲೀಫ್ ವಾಲ್ವ್ ತಡೆಯುತ್ತದೆ. ಈ ಮೂರರಲ್ಲಿ ಸೆನ್ಸರಿಗೆ ಪಾಲಿಲ್ಲ. ಅದರೊಳಗೆ ಒಂದು ತೆಳು ಉಕ್ಕಿನ ಪೊರೆ ಇದೆ. ಆಯಿಲ್ ಒತ್ತಿದಾಗ ಪೊರೆ ಕೂದಲೆಳೆಯಷ್ಟೂ ಅಲ್ಲದ ಲೆಕ್ಕದಲ್ಲಿ ಬಾಗುತ್ತದೆ, ಆ ಬಾಗುವಿಕೆ ವೋಲ್ಟೇಜ್ ಆಗಿ ಕಂಟ್ರೋಲರಿಗೆ ಹೋಗುತ್ತದೆ. ಪಂಪು ಎಷ್ಟು ಆಯಿಲ್ ಕೊಡಬೇಕು, ಎಂಜಿನ್ ಎಷ್ಟು ಆರ್‌ಪಿಎಂನಲ್ಲಿ ಓಡಬೇಕು ಎಂಬುದನ್ನು ಕಂಟ್ರೋಲರ್ ತೀರ್ಮಾನಿಸುವುದು ಆ ಸುದ್ದಿ ನಂಬಿಕೊಂಡು.

ಸಾಮಾನ್ಯವಾಗಿ ಎರಡು ಜಾತಿಯ ಸೆನ್ಸರುಗಳಿರುತ್ತವೆ. 20 ಟನ್ ದರ್ಜೆಯ ಯಂತ್ರದಲ್ಲಿ ಮುಖ್ಯ ಪಂಪಿನ ಲೈನು 34ರಿಂದ 37 ಮೆಗಾಪ್ಯಾಸ್ಕಲ್, ಅಂದರೆ ನಮ್ಮ ಲೆಕ್ಕದಲ್ಲಿ ಚದರ ಸೆಂಟಿಮೀಟರಿಗೆ 350ರಿಂದ 380 ಕೆಜಿವರೆಗೆ ಹೋಗುತ್ತದೆ. ಲಿವರಿನ ಆಜ್ಞೆ ಒಯ್ಯುವ ಪೈಲಟ್ ಲೈನು 30–40 ಕೆಜಿ ಆಸುಪಾಸಿನದು. ಪಂಪಿನ ಸೆನ್ಸರ್ ಸುಳ್ಳು ಹೇಳಿದರೆ ಲೋಡಿನಲ್ಲಿ ಎಂಜಿನ್ ಕುಸಿಯುತ್ತದೆ, ಇಲ್ಲವೇ ಯಂತ್ರ ನಿಧಾನವಾಗುತ್ತದೆ. ಪೈಲಟ್ ಕಡೆಯದು ಕೈಕೊಟ್ಟರೆ ಲಿವರ್ ಎಳೆದರೂ ಆಟೊ ಐಡಲಿನಿಂದ ಎಂಜಿನ್ ಏಳುವುದಿಲ್ಲ, ಟ್ರಾವೆಲ್ ಅಲಾರಂ ಕೂಗುವುದಿಲ್ಲ. ಆಪರೇಟರ್ ಹೇಳುವ ದೂರಿನಲ್ಲೇ ಯಾವ ಕಡೆ ನೋಡಬೇಕು ಎಂಬ ಸುಳಿವಿರುತ್ತದೆ. ಮೊದಲು ಅವನ ಮಾತು ಪೂರ್ತಿ ಕೇಳಿ.

2. ಎಂಜಿನ್ ಆಫ್ ಎಂದರೆ ಒತ್ತಡ ಸೊನ್ನೆ ಎಂದಲ್ಲ

ಬಕೆಟ್ ನೆಲಕ್ಕೆ ಊರಿ. ಎಂಜಿನ್ ನಿಲ್ಲಿಸಿ, ಕೀ ಆನ್ ಇಟ್ಟು, ಲಾಕ್ ಲಿವರ್ ಬಿಡಿಸಿ, ಎರಡೂ ಲಿವರುಗಳನ್ನು ಎಲ್ಲ ದಿಕ್ಕಿಗೂ ಹಲವು ಸಲ ಆಡಿಸಿ. ಅಕ್ಯುಮುಲೇಟರಿನಲ್ಲಿ ಉಳಿದ ಒತ್ತಡದಿಂದ ವಾಲ್ವುಗಳು ತೆರೆದುಕೊಂಡು ಲೈನು ಖಾಲಿಯಾಗುತ್ತದೆ. ಆಮೇಲೆ ಟ್ಯಾಂಕಿನ ಗಾಳಿ ಬಿಡಿ. ಸ್ಪ್ಯಾನರ್ ಹಿಡಿಯುವುದು ಅದಾದ ನಂತರ.

ಲೀಕ್ ಹುಡುಕಲು ಬೆರಳು ಆಡಿಸುವ ಚಟ ಬಿಡಿ, ರಟ್ಟಿನ ತುಂಡು ಹಿಡಿಯಿರಿ. ಸೂಜಿಮೊನೆಯಷ್ಟು ತೂತಿನಿಂದ ಚಿಮ್ಮುವ ಆಯಿಲ್ ಚರ್ಮ ಸೀಳಿ ಒಳಗೆ ಸೇರುತ್ತದೆ. ಹೊರಗೆ ಮುಳ್ಳು ಚುಚ್ಚಿದಷ್ಟೇ ಗುರುತು, ಮೊದಮೊದಲು ನೋವೂ ಹೆಚ್ಚಿರುವುದಿಲ್ಲ. ಒಳಗೆ ಮಾಂಸಖಂಡ ಸಾಯುತ್ತಿರುತ್ತದೆ. ತಡಮಾಡದೆ ಆಸ್ಪತ್ರೆಗೆ ಹೋಗಿ, "ಹೈಡ್ರಾಲಿಕ್ ಆಯಿಲ್ ಒಳಗೆ ಹೋಗಿದೆ" ಎಂದೇ ಡಾಕ್ಟರಿಗೆ ಹೇಳಬೇಕು. ಬೆರಳು ಉಳಿಯುವುದು, ಹೋಗುವುದು ಆ ಮೊದಲ ಕೆಲವು ಗಂಟೆಗಳ ಮೇಲೆ ನಿಂತಿರುತ್ತದೆ.

3. ಮೂರು ತಂತಿಗಳನ್ನು ವಿಚಾರಿಸಿಕೊಳ್ಳಿ

ಬಹುಪಾಲು ಸೆನ್ಸರುಗಳಿಗೆ ಮೂರು ತಂತಿ: 5 ವೋಲ್ಟ್ ಸಪ್ಲೈ, ಅರ್ಥ್, ಸಿಗ್ನಲ್. ಒತ್ತಡ ಸೊನ್ನೆ ಇದ್ದಾಗ ಸಿಗ್ನಲ್ 0.5 ವೋಲ್ಟ್, ಪೂರ್ತಿ ರೇಂಜಿಗೆ 4.5 ವೋಲ್ಟ್. ಸೊನ್ನೆಯಿಂದಲೇ ಯಾಕೆ ಶುರುಮಾಡಿಲ್ಲವೆಂದರೆ, ತಂತಿ ಕಡಿದಾಗಲೂ ಸೊನ್ನೆಯೇ ಬರುತ್ತದೆ. ಒತ್ತಡ ಇಲ್ಲದಿರುವುದೂ ತಂತಿ ಇಲ್ಲದಿರುವುದೂ ಕಂಟ್ರೋಲರಿಗೆ ಬೇರೆ ಬೇರೆಯಾಗಿ ತಿಳಿಯಬೇಕಲ್ಲ.

ಒತ್ತಡ ಬಿಟ್ಟು, ಕೀ ಆನ್ ಮಾಡಿ, ಕಪ್ಲರ್ ಹಾಕಿಯೇ ಇಟ್ಟು ಅದರ ಹಿಂಬದಿಯಿಂದ ಮಲ್ಟಿಮೀಟರಿನ ಕಡ್ಡಿ ತೂರಿಸಿ. ಸಿಗ್ನಲ್ 0.5 ತೋರಿಸಿದರೆ ಸೆನ್ಸರ್ ಬದುಕಿದೆ ಎಂದು ಸದ್ಯಕ್ಕೆ ನಂಬಬಹುದು. ಸೊನ್ನೆ ತೋರಿಸಿದರೆ ಸಪ್ಲೈ ಬರುತ್ತಿದೆಯೇ ನೋಡಿ. 5 ತೋರಿಸಿದರೆ ಸಿಗ್ನಲ್ ತಂತಿ ಎಲ್ಲೋ ಸಪ್ಲೈಗೆ ತಾಗಿರಬಹುದು, ಇಲ್ಲವೇ ಅರ್ಥ್ ಕಡಿದಿರಬಹುದು. ಇಷ್ಟು ನೋಡಲು ಸ್ಪ್ಯಾನರ್ ಬೇಕಾಗಿಲ್ಲ, ಒಂದು ಹನಿ ಆಯಿಲ್ ಚೆಲ್ಲುವುದೂ ಇಲ್ಲ.

4. ಒಂದೇ ಸಲ ನಾಲ್ಕು ಕೋಡ್ ಬಂದರೆ ಕೆಲಸ ಹಗುರ

ಮಾಲೀಕರು ಹೆದರುವುದು ಇಂಥ ಹೊತ್ತಿನಲ್ಲೇ. ಆದರೆ ನಾಲ್ಕು ಸೆನ್ಸರ್ ಒಟ್ಟಿಗೆ ಸಾಯುವುದು ಅಪರೂಪ. 5 ವೋಲ್ಟ್ ಲೈನನ್ನು ಹಲವು ಸೆನ್ಸರುಗಳು ಹಂಚಿಕೊಂಡಿರುತ್ತವೆ, ಅವುಗಳಲ್ಲಿ ಒಂದು ಶಾರ್ಟ್ ಆದರೂ ಇಡೀ ಲೈನು ಮಲಗುತ್ತದೆ. ಮೀಟರನ್ನು 5 ವೋಲ್ಟ್ ಮೇಲೆ ಇಟ್ಟುಕೊಂಡು ಒಂದೊಂದೇ ಕಪ್ಲರ್ ಕಳಚುತ್ತಾ ಹೋಗಿ. ಯಾವುದನ್ನು ಕಳಚಿದಾಗ ವೋಲ್ಟೇಜ್ ಎದ್ದು ಕೂರುತ್ತದೋ ಕಳ್ಳ ಆ ಸೆನ್ಸರೇ. ಎಲ್ಲ ಕಳಚಿದರೂ ಏಳದಿದ್ದರೆ ವೈರಿಂಗಿನ ದಾರಿ ಹಿಡಿಯಿರಿ.

5. ಅದಲುಬದಲು ಮಾಡಿದರೆ ಜಗಳ ಬಗೆಹರಿಯುತ್ತದೆ

ಎರಡು ಮುಖ್ಯ ಪಂಪುಗಳಿಗೆ ಪಿ1, ಪಿ2 ಎಂದು ಎರಡು ಸೆನ್ಸರ್, ಸಾಮಾನ್ಯವಾಗಿ ಒಂದೇ ಪಾರ್ಟ್ ನಂಬರಿನವು. ಒಂದು ಕ್ವಾರಿಯಲ್ಲಿ ಪಿ1 ಕೋಡ್ ಬಂದು ಯಂತ್ರ ನಿಂತಿತ್ತು. "ಹೊಸದು ಹಾಕ್ಬಿಡಿ ಅಣ್ಣ, ಟಿಪ್ಪರ್‌ಗಳು ಕಾಯ್ತಿವೆ" ಎಂದು ಸೂಪರ್‌ವೈಸರ್ ಅವಸರ ಮಾಡುತ್ತಿದ್ದ. ನಾನು ಎರಡನ್ನೂ ಬಿಚ್ಚಿ ಅದಲುಬದಲು ಮಾಡಿ ಕೂರಿಸಿದೆ. ಸೆನ್ಸರ್ ಕೆಟ್ಟಿದ್ದರೆ ಕೋಡ್ ಪಿ2ಕ್ಕೆ ಹೋಗಬೇಕು. ಹೋಗಲಿಲ್ಲ, ಪಿ1ರಲ್ಲೇ ಕೂತಿತ್ತು. ವೈರಿಂಗ್ ಹಿಡಿದು ಹೋದಾಗ ಪಂಪ್ ಕೋಣೆಯ ಕ್ಲಾಂಪಿನ ಅಡಿಯಲ್ಲಿ ತಂತಿಯ ಸಿಪ್ಪೆ ಸವೆದು ತಾಮ್ರ ಕಾಣುತ್ತಿತ್ತು. ಬೆಸುಗೆ ಹಾಕಿ, ಸ್ಲೀವ್ ಏರಿಸಿ, ಕ್ಲಾಂಪಿಗೆ ರಬ್ಬರ್ ಕೊಟ್ಟ ಮೇಲೆ ಟಿಪ್ಪರ್ ತುಂಬಲು ಶುರುವಾಯಿತು. ಹೊಸ ಸೆನ್ಸರ್ ಹಾಕಿದ್ದರೆ ಹಣವೂ ಹೋಗುತ್ತಿತ್ತು, ಕೋಡೂ ಉಳಿಯುತ್ತಿತ್ತು.

6. ಕಪ್ಲರ್ ಬಿಚ್ಚಿ, ಬೆಳಕಿಗೆ ಹಿಡಿದು ನೋಡಿ

ಪ್ರೆಶರ್ ವಾಷಿನ ನೀರು, ಮಳೆಗಾಲದ ತೇವ ಮೊದಲು ಸೇರುವುದು ಕಪ್ಲರಿನೊಳಗೆ. ಹಸಿರು ಪಾಚಿಯಂತೆ ಕಟ್ಟಿದ ಪಿನ್ನು, ಹಿಂದಕ್ಕೆ ಸರಿದ ಟರ್ಮಿನಲ್, ಕಾಣೆಯಾದ ರಬ್ಬರ್ ಸೀಲ್: ಮೂರನ್ನೂ ಹುಡುಕಿ. ಬೆಳಗ್ಗೆ ಸರಿಯಿದ್ದು ಮಧ್ಯಾಹ್ನ ಪಂಪ್ ಕೋಣೆ ಕಾದ ಮೇಲೆ ಬರುವ ತೊಂದರೆಗೆ ಸಡಿಲ ಪಿನ್ನು ಕಾರಣವಾಗಿರುವುದುಂಟು. ಎಂಜಿನ್ ಓಡುತ್ತಿರುವಾಗ ಮಾನಿಟರ್ ನೋಡುತ್ತಾ ಹಾರ್ನೆಸ್ಸನ್ನು ಮೆಲ್ಲಗೆ ಅಲುಗಾಡಿಸಿ, ರೀಡಿಂಗ್ ಹಾರಿದರೆ ಜಾಗ ಸಿಕ್ಕಿತು. ತಿಂಗಳುಗಟ್ಟಲೆ ನಿಂತ ಯಂತ್ರವಾದರೆ ಇಲಿ ಕಡಿದಿದೆಯೇ ಎಂದೂ ನೋಡಿ. ವೆಲ್ಡಿಂಗ್ ಕರೆಂಟಿಗೆ ಸೆನ್ಸರ್, ಕಂಟ್ರೋಲರ್ ಸುಡದಿರಲು, ಬಕೆಟ್‌ಗೆ ವೆಲ್ಡಿಂಗ್ ಮಾಡುವ ಮೊದಲು ಬ್ಯಾಟರಿಯ ನೆಗೆಟಿವ್ ತೆಗೆಯಲೇಬೇಕು, ಅರ್ಥ್ ಕ್ಲಾಂಪ್ ವೆಲ್ಡ್ ಮಾಡುವ ಜಾಗದ ಪಕ್ಕದಲ್ಲೇ ಇರಬೇಕು.

7. ಕೊನೆಯ ಮಾತು ಗೇಜಿನದು

ಮಾನಿಟರ್ 300 ಕೆಜಿ ಎನ್ನುತ್ತದೆ, ಆಪರೇಟರ್ "ದಮ್ಮೇ ಇಲ್ಲ" ಎನ್ನುತ್ತಾನೆ. ಆಗ ಟೆಸ್ಟ್ ಪೋರ್ಟಿಗೆ 600 ಬಾರ್‌ನ ಗೇಜ್ ಹಾಕಿ. ಆಯಿಲ್ 50 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಬರಲಿ, ತಣ್ಣಗಿನ ದಪ್ಪ ಆಯಿಲಿನಲ್ಲಿ ತೆಗೆದ ಲೆಕ್ಕ ಯಾರಿಗೂ ಪ್ರಯೋಜನವಿಲ್ಲ. ಬಕೆಟ್ ಸಿಲಿಂಡರನ್ನು ಕೊನೆಯವರೆಗೆ ತಂದು ಲಿವರ್ ಹಿಡಿದಿಟ್ಟು ಎರಡೂ ರೀಡಿಂಗ್ ಹೋಲಿಸಿ. ಎರಡೂ ಕಡಿಮೆ ತೋರಿಸಿದರೆ ಸೆನ್ಸರ್ ನಿಜ ಹೇಳುತ್ತಿದೆ, ರಿಲೀಫ್ ವಾಲ್ವ್ ಮತ್ತು ಪಂಪಿನ ಕಡೆ ಹೋಗಿ. ಗೇಜ್ 350 ತೋರಿಸಿ ಮಾನಿಟರ್ ಹಿಂದೆ ಬಿದ್ದರೆ ಮಾತ್ರ ಸೆನ್ಸರ್ ಮೇಲೆ ಅನುಮಾನಪಡಿ.

8. ಒಂದೇ ಥರ ಕಂಡದ್ದೆಲ್ಲ ಒಂದೇ ಅಲ್ಲ

ಥ್ರೆಡ್ ಒಂದೇ, ಕಪ್ಲರ್ ಒಂದೇ, ಬೆಲೆ ಮಾತ್ರ ಅರ್ಧ. ಅಂಗಡಿಯವನು "ಇದೇ ಸಾರ್, ಕೂರುತ್ತೆ" ಎನ್ನುತ್ತಾನೆ. ಕೂರುವುದು ನಿಜ, ರೇಂಜ್ ನೋಡಿದಿರಾ? 50 ಮೆಗಾಪ್ಯಾಸ್ಕಲ್ ಸೆನ್ಸರಿನ ಜಾಗಕ್ಕೆ 40ರದ್ದು ಹಾಕಿದರು ಎಂದುಕೊಳ್ಳಿ. ನಿಜವಾದ ಒತ್ತಡ 32 ಇದ್ದಾಗ ಅದು 3.7 ವೋಲ್ಟ್ ಕೊಡುತ್ತದೆ. ಕಂಟ್ರೋಲರ್ ತನ್ನ 50ರ ಲೆಕ್ಕದಲ್ಲಿ ಅದನ್ನು 40 ಎಂದು ಓದುತ್ತದೆ. ಲೋಡ್ ಮಿತಿಮೀರಿತು ಎಂದುಕೊಂಡು ಪಂಪಿನ ಆಯಿಲ್ ಕಡಿಮೆ ಮಾಡುತ್ತದೆ. ಕೋಡ್ ಬರುವುದಿಲ್ಲ, ಯಂತ್ರ ಮಾತ್ರ ತೆವಳುತ್ತದೆ. ಇಂಥ ಯಂತ್ರದಲ್ಲಿ ಪಂಪು ಬಿಚ್ಚುವವರೆಗೂ ಹೋದವರಿದ್ದಾರೆ. ಹಳೆಯ ಸೆನ್ಸರಿನ ಮೈಮೇಲಿನ ನಂಬರ್ ಒರೆಸಿ, ಫೋಟೊ ತೆಗೆದುಕೊಂಡು ಅಂಗಡಿಗೆ ಹೋಗಿ.

9. ಕೂರಿಸುವಾಗ ಟೆಫ್ಲಾನ್ ಟೇಪ್ ಮುಟ್ಟಬೇಡಿ

ಸೀಲ್ ಮಾಡುವುದು ಓ-ರಿಂಗ್ ಅಥವಾ ವಾಷರ್, ಥ್ರೆಡ್ ಅಲ್ಲ. ಟೇಪಿನ ಎಳೆ ಹರಿದು ಒಳಗೆ ಹೋದರೆ ಸಣ್ಣ ರಂಧ್ರಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಸುತ್ತಲಿನ ಮಣ್ಣು ತೊಳೆದು, ಗಾಳಿ ಹೊಡೆದು, ಹೊಸ ಓ-ರಿಂಗಿಗೆ ಆಯಿಲ್ ಸವರಿ ಕೂರಿಸಿ. ಹೆಕ್ಸ್ ಮೇಲೆ ಮಾತ್ರ ಸ್ಪ್ಯಾನರ್ ಹಾಕಿ, ಮೈಗೆ ಪೈಪ್ ರೆಂಚ್ ಹಾಕಿದರೆ ಒಳಗಿನ ಸರ್ಕ್ಯೂಟ್ ಹೋಗುತ್ತದೆ. ಬಿಗಿತ ಮ್ಯಾನುಯಲ್ ಹೇಳಿದಷ್ಟೇ ಇರಲಿ. ಬ್ರೇಕರ್ ಕಟ್ಟಿ ಕಲ್ಲು ಒಡೆಯುವ ಯಂತ್ರದಲ್ಲಿ ಕ್ಷಣಕ್ಷಣಕ್ಕೂ ಒತ್ತಡದ ಹೊಡೆತ ಬೀಳುತ್ತಿರುತ್ತದೆ. ಪೋರ್ಟಿನಲ್ಲಿ ಆ ಹೊಡೆತ ತಗ್ಗಿಸುವ ಡ್ಯಾಂಪಿಂಗ್ ಆರಿಫೈಸ್ ಇದ್ದರೆ ಬಿಚ್ಚಿದಾಗ ಕಳೆಯದಂತೆ ನೋಡಿಕೊಂಡು ವಾಪಸ್ ಹಾಕಿ.

10. ಯಂತ್ರ ಚೆನ್ನಾಗಿರುವಾಗಲೇ ಲೆಕ್ಕ ಬರೆದಿಡಿ

ಸರ್ವಿಸಿಗೆ ಹೋದಾಗಲೆಲ್ಲ ಆಯಿಲ್ ಬಿಸಿ, ಐಡಲ್‌ನಲ್ಲಿ ಪಿ1–ಪಿ2, ಬೂಮ್ ಎತ್ತುವಾಗ ಎಷ್ಟು, ರಿಲೀಫ್‌ನಲ್ಲಿ ಎಷ್ಟು, ಪೈಲಟ್ ಎಷ್ಟು ಎಂದು ಮಾನಿಟರ್ ನೋಡಿ ಕ್ಯಾಬಿನ್ನಿನ ಲಾಗ್‌ಬುಕ್ಕಿನಲ್ಲಿ ಬರೆಯಿರಿ. ಮ್ಯಾನುಯಲ್ ಹೊಸ ಯಂತ್ರದ ಲೆಕ್ಕ ಹೇಳುತ್ತದೆ. ಹತ್ತು ಸಾವಿರ ಗಂಟೆ ಓಡಿದ ಈ ಯಂತ್ರದ ಲೆಕ್ಕ ಹೇಳುವುದು ಆ ಪುಸ್ತಕವೇ. ಮುಂದಿನ ಸಲ ಫೋನ್ ಬಂದಾಗ "ಸೆನ್ಸರ್ ತರಲಾ?" ಎಂದು ಕೇಳುವ ಮೊದಲು "ಹೋದ ಸಲದ ರೀಡಿಂಗ್ ಓದಿ ಹೇಳಪ್ಪ" ಎಂದು ಕೇಳಿ. ಏನು ತೆಗೆದುಕೊಂಡು ಹೋಗಬೇಕು, ಏನನ್ನು ಅಂಗಡಿಯಲ್ಲೇ ಬಿಡಬೇಕು ಎಂಬುದು ಫೋನ್ ಇಡುವ ಮೊದಲೇ ಹೆಚ್ಚುಕಡಿಮೆ ಗೊತ್ತಾಗುತ್ತದೆ.