ಸೇನಾ ವಿಮಾನಗಳ ತೊಳೆತ ಮತ್ತು ಹಿಮ ನಿವಾರಣೆ

ಭಾರತೀಯ ವಾಯುಪಡೆಯ ನಿರ್ವಹಣಾ ಕಮಾಂಡ್‌ನ ಕೇಂದ್ರ ಕಚೇರಿ ನಾಗಪುರದಲ್ಲಿದೆ. ಬೇಸಿಗೆಯಲ್ಲಿ 45 ಡಿಗ್ರಿ ಮುಟ್ಟುವ ಊರಿಗೂ ಹಿಮಕ್ಕೂ ಏನು ನಂಟು ಎಂದು ಕೇಳಬಹುದು. ಆದರೆ ವಿಮಾನಗಳ ದುರಸ್ತಿ, ಓವರ್‌ಹಾಲ್‌ಗಳ ಈ ಕಮಾಂಡ್‌ನ ಕಾಳಜಿ ನಾಗಪುರದ ಹವೆಗೆ ಸೀಮಿತವಲ್ಲ. ಕರಾವಳಿಯ ಉಪ್ಪುಗಾಳಿ ಲೋಹವನ್ನು ತಿನ್ನುತ್ತದೆ; ಹಾಗಾಗಿ ವಿಮಾನಗಳನ್ನು ತೊಳೆಯುತ್ತಿರಬೇಕು. ಸುಮಾರು 3,250 ಮೀಟರ್ ಎತ್ತರದ ಲೇಹ್ ವಿಮಾನ ನಿಲ್ದಾಣದಲ್ಲಿ ಚಳಿಗಾಲದ ತಾಪಮಾನ ಶೂನ್ಯಕ್ಕಿಂತ ಬಹಳ ಕೆಳಗಿಳಿಯುತ್ತದೆ. ರೆಕ್ಕೆಯ ಮೇಲೆ ಒರಟು ಸ್ಯಾಂಡ್‌ಪೇಪರ್‌ನಷ್ಟು ಹಿಮ ಕೂತರೂ ಮೇಲೆತ್ತುವ ಬಲ ಶೇ 30ರಷ್ಟು ಕುಗ್ಗಿ, ಗಾಳಿಯ ಎಳೆತ ಶೇ 40ರಷ್ಟು ಹೆಚ್ಚಬಹುದು.

ತೊಳೆಯಲು, ಹಿಮ ತೆಗೆಯಲು ಚಲಿಸುವ ಉಪಕರಣವೇಕೆ, ಹ್ಯಾಂಗರ್‌ನಲ್ಲೇ ಸ್ಥಿರ ವ್ಯವಸ್ಥೆ ಮಾಡಿದರೆ ಸಾಲದೇ ಎಂಬುದು ಇನ್ನೊಂದು ಆಕ್ಷೇಪ. ಯುದ್ಧಕಾಲದಲ್ಲಿ ವಿಮಾನಗಳನ್ನು ಚದುರಿಸಿ ನಿಲ್ಲಿಸಬೇಕಾಗುತ್ತದೆ. ಆಗ ಉಪಕರಣವೇ ವಿಮಾನದ ಬಳಿಗೆ ಹೋಗಬೇಕು. ಟ್ಯಾಂಕ್, ಹೀಟರ್, ಪಂಪ್, ಉದ್ದನೆಯ ಹೋಸ್ ಇರುವ ಟ್ರಾಲಿಯೊಂದು ತೊಳೆಯಲು ಸಾಬೂನು ದ್ರಾವಣವನ್ನೂ, ಹಿಮ ಕರಗಿಸಲು ಕಾಯಿಸಿದ ಗ್ಲೈಕಾಲ್ ಮಿಶ್ರಣವನ್ನೂ ಸಿಂಪಡಿಸಬಲ್ಲದು. ಎಥಿಲೀನ್ ಗ್ಲೈಕಾಲ್ ವಿಷಕಾರಿ ಎಂಬ ಆತಂಕ ನಿಜವೇ; ಹಾಗಾಗಿ ಪ್ರೊಪಿಲೀನ್ ಗ್ಲೈಕಾಲ್ ಮೇಲು. ಯಂತ್ರಕ್ಕಿಂತ ಕೆಲಸಗಾರರ ತರಬೇತಿ ಮುಖ್ಯ ಎಂಬ ವಾದವನ್ನಂತೂ ಪೂರ್ತಿ ಒಪ್ಪಲೇಬೇಕು: 1996ರ ಅಕ್ಟೋಬರ್ 2ರಂದು ಪೆರುವಿನಲ್ಲಿ, ತೊಳೆಯುವಾಗ ಎತ್ತರ, ವೇಗ ತಿಳಿಯಲು ಗಾಳಿಯ ಒತ್ತಡ ಅಳೆಯುವ ಸ್ಟ್ಯಾಟಿಕ್ ರಂಧ್ರಗಳಿಗೆ ಅಂಟಿಸಿದ್ದ ಟೇಪನ್ನು ತೆಗೆಯದೆ ಹಾರಿದ ಬೋಯಿಂಗ್ 757 ಸಮುದ್ರಕ್ಕೆ ಬಿದ್ದು 70 ಮಂದಿ ಸತ್ತರು.