ಡಬ್ಬಿಯ ಮಾತ್ರೆಗೆ ಕರುಳನ್ನು ಒಪ್ಪಿಸಬೇಡ

ನೋಡಪ್ಪ, ಶೌಚಕ್ಕೆ ಹೋದಾಗ ಆಗಾಗ ರಕ್ತ ಕಾಣುತ್ತೆ ಅಂದೆ. ಪೈಲ್ಸ್ ಇರಬೇಕು ಅಂತ ನೀನೇ ತೀರ್ಮಾನ ಮಾಡಿಕೊಂಡು ಇಂದಿರಾನಗರದ ಮೆಡಿಕಲ್ ಶಾಪಿನಿಂದ ಆಂಟಿಆಕ್ಸಿಡೆಂಟ್ ಮಾತ್ರೆ ತಂದಿದ್ದೀಯ. ಇದು ನನಗೆ ಸರಿ ಕಾಣಲಿಲ್ಲ.

ಜೀವಕೋಶ ಆಮ್ಲಜನಕ ಬಳಸುವಾಗ ಕೆಂಡದಿಂದ ಕಿಡಿ ಸಿಡಿದ ಹಾಗೆ ಸೂಪರ್‌ಆಕ್ಸೈಡ್ ಹುಟ್ಟುತ್ತೆ. ಸೂಪರ್‌ಆಕ್ಸೈಡ್ ಡಿಸ್ಮ್ಯುಟೇಸ್ ಅನ್ನೋ ಕಿಣ್ವ ಅದನ್ನು ಹೈಡ್ರೋಜನ್ ಪೆರಾಕ್ಸೈಡ್ ಮಾಡಿದರೆ, ಕೆಟಲೇಸ್ ಮತ್ತು ಗ್ಲುಟಥಯೋನ್ ಪೆರಾಕ್ಸಿಡೇಸ್ ಅದನ್ನು ನೀರಾಗಿಸುತ್ತವೆ. ಈ ಆಂಟಿಆಕ್ಸಿಡೆಂಟ್ ಕಿಣ್ವಗಳನ್ನು ಮೈಯೇ ತಯಾರಿಸಿಕೊಳ್ಳುತ್ತೆ. ಕರುಳಿನಲ್ಲಿ ಉರಿಯೂತ ವರ್ಷಗಟ್ಟಲೆ ಉಳಿದರೆ ಅವು ಸಾಲದೆ ಡಿಎನ್‌ಎಗೆ ಪೆಟ್ಟು ಬೀಳುತ್ತೆ, ಅದರ ನಕಲಿನಲ್ಲಿ ತಪ್ಪು ಸೇರಿ ಕ್ಯಾನ್ಸರ್ ಗಡ್ಡೆ ಹುಟ್ಟಬಹುದು. ಆದರೆ ಗಡ್ಡೆ ಒಮ್ಮೆ ಬೇರೂರಿದ ಮೇಲೆ ಅದರ ಕೋಶಗಳೂ ಇದೇ ರಕ್ಷಣೆಯನ್ನು ತಮ್ಮ ಉಳಿವಿಗೆ ಬಳಸಿಕೊಳ್ಳಬಲ್ಲವು. ಹಾಗಾಗಿ ಆಂಟಿಆಕ್ಸಿಡೆಂಟ್ ಎಷ್ಟು ನುಂಗಿದರೂ ಒಳ್ಳೆಯದೇ ಅನ್ನೋ ಲೆಕ್ಕ ನಿಲ್ಲೋದಿಲ್ಲ. ಪಾಲಿಪ್, ಅಂದರೆ ಕರುಳಿನ ಒಳಗೋಡೆಯ ಗಂಟು, ತೆಗೆಸಿಕೊಂಡಿದ್ದ 864 ಜನರನ್ನು ಸೇರಿಸಿಕೊಂಡು ಅಮೆರಿಕದಲ್ಲಿ ಬೀಟಾ ಕ್ಯಾರೋಟಿನ್, ವಿಟಮಿನ್ ಸಿ, ಇ ಕೊಟ್ಟು ನೋಡಿದರು. ಅವು ಹೊಸ ಪಾಲಿಪ್ ತಡೆಯಲಿಲ್ಲ ಅಂತ 1994ರಲ್ಲೇ ಪ್ರಕಟವಾಯಿತು.

ಊಟದ ಮಾತಿಗೆ ಬಂದರೆ, ಶಿವಾಜಿನಗರದಲ್ಲಿ ರಸೆಲ್ ಮಾರ್ಕೆಟ್ ಸುತ್ತ ರಂಜಾನ್ ಸಂಜೆ ಏಳೋ ಕಬಾಬಿನ ಹೊಗೆ ನನಗೂ ಪ್ರೀತಿ. ಬಿಡು ಅನ್ನಲ್ಲ. ಆದರೆ ಬೀಫ್, ಮಟನ್‌ನಲ್ಲಿರೋ ಹೀಮ್ ಕಬ್ಬಿಣ ಕರುಳಿನಲ್ಲಿ ಆ ಕಿಡಿಗಳ ಹಾವಳಿಯನ್ನು, ಅಂದರೆ ಆಕ್ಸಿಡೇಷನ್ ಅನ್ನು, ಹೆಚ್ಚಿಸುತ್ತೆ. ಸಾಸೇಜ್, ಸಲಾಮಿಯಂಥ ಸಂಸ್ಕರಿಸಿದ ಮಾಂಸ ಕ್ಯಾನ್ಸರ್‌ಕಾರಕ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2015ರಲ್ಲಿ ಹೇಳಿದೆ. ಸಿಗರೇಟು ಮಾತ್ರ ಪೂರ್ತಿ ಬಿಡು. ರಾಗಿ, ಸೊಪ್ಪು, ಕಾಳು ತಟ್ಟೆಯಲ್ಲಿರಲಿ.

ರಕ್ತ ಕಂಡ ಮೇಲೆ ಮಾತ್ರ ಊಟದಿಂದ ಸರಿಮಾಡೋಣ ಅಂತ ಕೂರಬಾರದು. ಬಹುಪಾಲು ಅದು ಪೈಲ್ಸೇ ಇರಬಹುದು, ಆದರೆ ಪರೀಕ್ಷಿಸಿ ಹೇಳಬೇಕಾದವರು ಡಾಕ್ಟರು. ಪಾಲಿಪ್ ಕ್ಯಾನ್ಸರ್ ಆಗೋಕೆ ಸಾಮಾನ್ಯವಾಗಿ ಹತ್ತು ವರ್ಷವೇ ಹಿಡಿಯುತ್ತೆ. ಅಷ್ಟರೊಳಗೆ ಸಿಕ್ಕಿದರೆ ಕೊಲೊನೋಸ್ಕೋಪಿ, ಅಂದರೆ ಕ್ಯಾಮೆರಾ ಕೊಳವೆಯಿಂದ ಕರುಳು ನೋಡೋ ಪರೀಕ್ಷೆ, ಮಾಡುವಾಗಲೇ ತೆಗೆದುಬಿಡಬಹುದು. ಬೌರಿಂಗ್ ಆಸ್ಪತ್ರೆ ಹತ್ತಿರದಲ್ಲೇ ಇದೆ, ಸರ್ಜರಿ ಓಪಿಡಿಗೆ ಹೋಗು. ತೂಕ ಇಳಿದಿದೆಯಾ, ಶೌಚದ ಅಭ್ಯಾಸ ಬದಲಾಗಿದೆಯಾ, ಮನೆಯಲ್ಲಿ ಯಾರಿಗಾದರೂ ಕರುಳಿನ ಕ್ಯಾನ್ಸರ್ ಬಂದಿತ್ತಾ, ನಾಚಿಕೆ ಬಿಟ್ಟು ಎಲ್ಲಾ ಹೇಳು. ಕೊಲೊನೋಸ್ಕೋಪಿ ಬರೆದುಕೊಟ್ಟರೆ ಹೆದರಬೇಡ. ಹಿಂದಿನ ದಿನ ತಿಳಿಯಾದ ದ್ರವ ಮಾತ್ರ ಕುಡಿದು, ಭೇದಿಗೆ ಔಷಧಿ ತಗೊಂಡು ಕರುಳು ಖಾಲಿ ಮಾಡಬೇಕು, ಕಷ್ಟದ್ದು ಅಷ್ಟೇ. ಮಂಪರು ಬರಿಸೋ ಔಷಧಿ ಕೊಡೋದರಿಂದ ಆವತ್ತು ಗಾಡಿ ಓಡಿಸಬಾರದು. ಅಮ್ಮನಿಗೆ ಹೇಳೋಕೆ ಮುಜುಗರ ಆದರೆ ನನಗೆ ಫೋನ್ ಮಾಡು, ಹಲಸೂರಿಂದ ಆಟೋದಲ್ಲಿ ನಾನು ಬರ್ತೀನಿ.